ಸೆಟಲ್ಮೆಂಟ್ ಆದಮೇಲೆ ಸಿಬಿಲ್ ಸ್ಕೋರ್ ಮತ್ತೆ ಏರುತ್ತದಾ? ನನ್ನದು 524 ರಿಂದ 748 ಆಯಿತು

ಮಗ್ಗದ ಮನೆ, ದೊಡ್ಡಬಳ್ಳಾಪುರ

ಸಾಲ ಕಟ್ಟಲಾಗದೆ ಸೆಟಲ್ಮೆಂಟ್ (ಬ್ಯಾಂಕ್ ಬಾಕಿಯಲ್ಲಿ ಒಂದಿಷ್ಟು ಬಿಟ್ಟು ಲೆಕ್ಕ ಮುಗಿಸುವುದು) ಮಾಡಿಕೊಂಡು, ಸಿಬಿಲ್ ಸ್ಕೋರ್ (ಸಾಲ ಎಷ್ಟು ಸರಿಯಾಗಿ ಕಟ್ಟಿದ್ದೀರಿ ಅಂತ ತೋರಿಸುವ ಅಂಕ) ಬಿದ್ದು, ಈಗ ಎಲ್ಲಿ ಕೇಳಿದರೂ "ಇಲ್ಲ" ಅನ್ನಿಸಿಕೊಳ್ಳುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಅಪ್ಪನ ಕಾಲದಿಂದ ಪವರ್‌ಲೂಮ್. ನನ್ನ ಕೈಗೆ ಬಂದಾಗ 4 ಮಗ್ಗ ಇತ್ತು. 2018 ರಲ್ಲಿ 6 ಲಕ್ಷ ಮುದ್ರಾ ಸಾಲ ತೆಗೆದು 6 ಮಗ್ಗ ಮಾಡಿದೆ. ಮೇಲೆ ಒಂದು ಪರ್ಸನಲ್ ಲೋನ್, ಎರಡು ಕ್ರೆಡಿಟ್ ಕಾರ್ಡ್. 2020 ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮದುವೆ ಸೀಸನ್ನಿಗೆ ಅಂತ ನೇಯ್ದಿಟ್ಟ ಸೀರೆ ಮನೆಯಲ್ಲೇ ಉಳಿಯಿತು. ಆಗಸ್ಟ್‌ವರೆಗೆ ಕಂತು ಮುಂದೂಡಲು ಆರ್‌ಬಿಐ ಅವಕಾಶ ಕೊಟ್ಟಿತ್ತು, ನಾನೂ ಮುಂದೂಡಿದೆ. ಬಡ್ಡಿ ಓಡುತ್ತಲೇ ಇತ್ತು ಅನ್ನುವುದು ತಲೆಗೆ ಹೋಗಲಿಲ್ಲ. ಸೆಪ್ಟೆಂಬರ್‌ನಿಂದ ಒಂದು ಕಾರ್ಡಿನಲ್ಲಿ ತೆಗೆದು ಇನ್ನೊಂದಕ್ಕೆ ಕಟ್ಟಿದೆ. 2021 ರ ಎರಡನೇ ಅಲೆ ಹೊತ್ತಿಗೆ ಅದೂ ನಿಂತಿತು.

ಊರಲ್ಲಿ ಇದಕ್ಕೆ ಒಂದೇ ಮಾತು: ಪಾಪರ್ ಆದ. ಯಾವ ಕೋರ್ಟೂ ಹಾಗೆ ಹೇಳಿರಲಿಲ್ಲ. ಆದರೆ ನೂಲು ಉದ್ರಿ ಕೊಡುತ್ತಿದ್ದ ಅಂಗಡಿಯವರು ಮುಖ ನೋಡುವುದನ್ನು ಬಿಟ್ಟರು.

2022 ರಲ್ಲಿ 4 ಮಗ್ಗ ಮಾರಿದೆ. ಹೆಂಡತಿ ಒಡವೆ ಹೋಯಿತು, ಮಾಂಗಲ್ಯ ಮತ್ತು ಒಂದು ಜೊತೆ ಓಲೆ ಉಳಿಯಿತು. ಮುದ್ರಾ ಸಾಲ ಪೂರ್ತಿ ತೀರಿಸಿದೆ. ಪರ್ಸನಲ್ ಲೋನ್ 2.1 ಲಕ್ಷ ಬಾಕಿ ಇತ್ತು, 1.2 ಲಕ್ಷಕ್ಕೆ ಸೆಟಲ್ ಆಯಿತು. ಒಂದು ಕಾರ್ಡಿನ 96,000 ಬಾಕಿ 45,000 ಕ್ಕೆ ಮುಗಿಯಿತು. ಇನ್ನೊಂದು ಕಾರ್ಡಿನ 38,000 ಕ್ಕೆ 27,000 ಕಟ್ಟಿದೆ. ಲೆಕ್ಕ ಚುಕ್ತಾ ಆಯಿತು ಅಂದುಕೊಂಡು ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ನಾಲ್ಕು ತಿಂಗಳಾದ ಮೇಲೆ ಫ್ರಿಜ್ ಕೆಟ್ಟುಹೋಯಿತು. ಕಂತಿನಲ್ಲಿ ತೆಗೆದುಕೊಳ್ಳೋಣ ಅಂತ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಕೌಂಟರ್ ಹುಡುಗ ಫೋನ್ ನೋಡಿ "ಸರ್, ನಿಮ್ದು ಆಗಲ್ಲ" ಅಂದ. ಮಗಳು ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಅದು ನನಗೆ ಜಾಸ್ತಿ ನೋವಾಯಿತು.

ಅವತ್ತು ಸಿಬಿಲ್ ರಿಪೋರ್ಟ್ (ನನ್ನ ಸಾಲಗಳ ದಾಖಲೆ) ತೆಗೆದೆ. 300 ರಿಂದ 900 ರ ಅಳತೆಯಲ್ಲಿ 524. ಮುದ್ರಾ ಸಾಲದ ಮುಂದೆ "ಕ್ಲೋಸ್ಡ್" (ಪೂರ್ತಿ ತೀರಿದೆ) ಅಂತ ಇತ್ತು. ಪರ್ಸನಲ್ ಲೋನ್ ಮತ್ತು ಒಂದು ಕಾರ್ಡಿನ ಮುಂದೆ "ಸೆಟಲ್ಡ್". ಇನ್ನೊಂದು ಕಾರ್ಡಿನ ಮುಂದೆ "ರಿಟನ್ ಆಫ್" (ವಸೂಲಾಗದು ಅಂತ ಬ್ಯಾಂಕ್ ಲೆಕ್ಕದಿಂದ ತೆಗೆದ ಸಾಲ), ಬಾಕಿ 38,000. ನಾನು ದುಡ್ಡು ಕಟ್ಟಿ ರಸೀದಿ ಇಟ್ಟುಕೊಂಡಿದ್ದೆ, ಅಲ್ಲಿ ಮಾತ್ರ ಕಟ್ಟೇ ಇಲ್ಲ ಅಂತ ಇತ್ತು.

ಅಲ್ಲಿಂದ ಮಾಡಿದ್ದು ಇಷ್ಟು. ಮೊದಲು ಆ ತಪ್ಪನ್ನು ಸರಿಮಾಡಿಸಿದೆ. ಸೆಟಲ್ಮೆಂಟ್ ಪತ್ರ, ರಸೀದಿ ಲಗತ್ತಿಸಿ ಬ್ಯಾಂಕಿಗೂ, ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಬ್ಯೂರೋಗೂ ಬರೆದೆ. ಎರಡು ತಿಂಗಳು ಅಲೆದೆ. "ರಿಟನ್ ಆಫ್" ಹೋಗಿ "ಸೆಟಲ್ಡ್" ಆಯಿತು. ಆಮೇಲೆ ಒಂದು ವರ್ಷ ಎಲ್ಲೂ ಸಾಲಕ್ಕೆ ಅರ್ಜಿ ಹಾಕಲಿಲ್ಲ. ಕೂಲಿಗೆ ನೇಯ್ದು, 20,000 ಉಳಿಸಿ ಎಫ್‌ಡಿ ಇಟ್ಟು, ಅದರ ಮೇಲೆ ಕಾರ್ಡ್ ತೆಗೆದೆ. ಮಿತಿ 16,000. ಅದರಲ್ಲಿ ಪೆಟ್ರೋಲು ಮತ್ತು ಗ್ಯಾಸ್ ಸಿಲಿಂಡರ್ ಮಾತ್ರ. ತಿಂಗಳಿಗೆ 4,000 ದಾಟಿಸಲಿಲ್ಲ. ಬಿಲ್ ಬಂದ ದಿನವೇ ಪೂರ್ತಿ ಕಟ್ಟುತ್ತಿದ್ದೆ, "ಮಿನಿಮಮ್ ಡ್ಯೂ" ಅನ್ನುವ ಕಡೆ ನೋಡಲೇ ಇಲ್ಲ. 8 ತಿಂಗಳಿಗೆ 571. ಆಮೇಲೆ ಆ ಓಲೆ ಇಟ್ಟು 30,000 ಚಿನ್ನದ ಸಾಲ, ಆರು ತಿಂಗಳಲ್ಲಿ ಬಿಡಿಸಿಕೊಂಡೆ. 640 ಆಯಿತು. ಸ್ಕೂಟರಿಗೆ ಒಂದು ಫೈನಾನ್ಸ್ ಕಂಪನಿ ಸಾಲ ಕೊಟ್ಟಿತು, ಬಡ್ಡಿ 18%. ಜಾಸ್ತಿನೇ, ಗೊತ್ತು. 24 ಕಂತಿನಲ್ಲಿ ಒಂದೂ ತಪ್ಪಿಸಲಿಲ್ಲ. ಹೋದ ತಿಂಗಳು 748.

ನಡುವೆ ಆ ಎರಡನೇ ಕಾರ್ಡಿನ ಉಳಿಕೆ 11,000 ಕಟ್ಟಿ "ಕ್ಲೋಸ್ಡ್" ಮಾಡಿಸಿಕೊಂಡೆ. ಉಳಿದೆರಡು ಇವತ್ತಿಗೂ "ಸೆಟಲ್ಡ್" ಅಂತಲೇ ಇವೆ. ಅದನ್ನು ಮುಚ್ಚಿಡುವುದಿಲ್ಲ.

ಬೆಣ್ಣೆನಗರಿ, ದಾವಣಗೆರೆ

ಅಣ್ಣ, ಓದಿ ಕಣ್ಣು ತುಂಬಿತು. ನಂದು ಚಿಕ್ಕ ಹೋಟೆಲ್ ಇತ್ತು, ಹೋದ ವರ್ಷ ಮುಚ್ಚಿದೆ. ಮೂರು ಸಾಲ ಸೆಟಲ್ ಮಾಡಿದ್ದೇನೆ. ಸ್ಕೋರ್ ಎಷ್ಟಿದೆ ಅಂತ ನೋಡಲು ಹೆದರಿಕೆ. ನೋಡಿದಷ್ಟೂ ಸ್ಕೋರ್ ಇಳಿಯುತ್ತೆ ಅಂತಾರಲ್ಲ? ಇನ್ನೊಂದು, ಒಬ್ಬ ಏಜೆಂಟ್ 15,000 ಕೊಟ್ಟರೆ 45 ದಿನದಲ್ಲಿ "ಸೆಟಲ್ಡ್" ಅನ್ನೋದನ್ನ ಅಳಿಸಿ ಕೊಡ್ತೀನಿ ಅಂತಿದಾನೆ. 5,000 ಅಡ್ವಾನ್ಸ್ ಕೊಟ್ಟಾಯಿತು.

ನಿವೃತ್ತ ಬ್ಯಾಂಕಿನವ, ಬೆಂಗಳೂರು

ತಮ್ಮ, ಉಳಿದ 10,000 ಕೊಡಬೇಡಿ. 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೇನೆ, ಕೊನೆಯ ಹತ್ತು ವರ್ಷ ವಸೂಲಿ ವಿಭಾಗದಲ್ಲೇ ಇದ್ದೆ. ನಿಮ್ಮ ಸಾಲದ ಮಾಹಿತಿಯನ್ನು ಬ್ಯೂರೋಗೆ ಕಳಿಸುವುದು ಸಾಲ ಕೊಟ್ಟ ಬ್ಯಾಂಕ್. ಬ್ಯಾಂಕ್ ಹೇಳದೆ ಬ್ಯೂರೋ ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ. ನಡುವೆ ಈ ಏಜೆಂಟ್ ಏನು ಮಾಡುತ್ತಾನೆ? ನೀವೇ ಪುಕ್ಕಟೆಯಾಗಿ ಹಾಕಬಹುದಾದ ದೂರನ್ನು ನಿಮ್ಮ ಹೆಸರಲ್ಲಿ ಹಾಕುತ್ತಾನೆ. ನಿಜವಾಗಿ ಸೆಟಲ್ ಆದ ಸಾಲದ ಮೇಲೆ ಆ ದೂರು ನಿಲ್ಲುವುದಿಲ್ಲ. ನಿಮ್ಮ ಪಾಸ್‌ವರ್ಡ್, ಓಟಿಪಿ ಅವನಿಗೆ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ.

ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ನೀವು ಸಾಲಕ್ಕೆ ಅರ್ಜಿ ಹಾಕಿ, ಸಾಲ ಕೊಡುವವರು ತೆಗೆದು ನೋಡಿದರೆ ಅದು "ಎನ್‌ಕ್ವೈರಿ" ಅಂತ ದಾಖಲಾಗುತ್ತದೆ. ವಾರದಲ್ಲಿ ಐದು ಆ್ಯಪ್‌ನಲ್ಲಿ ಅರ್ಜಿ ಹಾಕಿದರೆ ಐದು ಎನ್‌ಕ್ವೈರಿ. ಈ ಮನುಷ್ಯ ದುಡ್ಡಿಗೆ ಪರದಾಡುತ್ತಿದ್ದಾನೆ ಅಂತ ಅದು ಹೇಳುತ್ತದೆ.

ನಮ್ಮ ದೇಶದಲ್ಲಿ ಬ್ಯೂರೋ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಯಿರಿ. ಒಂದರಲ್ಲಿ ಸರಿಯಾಗಿದ್ದದ್ದು ಇನ್ನೊಂದರಲ್ಲಿ ತಪ್ಪಿರುತ್ತದೆ. ಸ್ಕೋರ್ ಮೊದಲು ನೋಡಬೇಡಿ. ಪ್ರತಿ ಖಾತೆಯ ಕೆಳಗೆ ತಿಂಗಳಿಗೊಂದು ಚೌಕ ಇರುತ್ತದೆ, 36 ತಿಂಗಳವರೆಗೆ. "000" ಅಂದರೆ ಆ ತಿಂಗಳು ಸರಿಯಾಗಿ ಕಟ್ಟಿದ್ದೀರಿ. "030" ಅಂದರೆ 30 ದಿನ ತಡ. ಬಾಕಿ 90 ದಿನ ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಮಗ್ಗದ ಮನೆಯವರ ಸ್ಕೋರ್ ಏರಿದ್ದು ಆ ಹೊಸ "000" ಗಳಿಂದ. ಬೇರೆ ಯಾವ ದಾರಿಯೂ ಇಲ್ಲ.

ತಪ್ಪಿದ್ದರೆ ದೂರು ಕೊಟ್ಟ 30 ದಿನದೊಳಗೆ ಸರಿಮಾಡಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕು ಅಂತ 2024 ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಕೇಳದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಹೋಗಿ. ಅದಕ್ಕೆ ದುಡ್ಡಿಲ್ಲ, ವಕೀಲರೂ ಬೇಡ. 14448 ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ಬ್ಯೂರೋಗಳ ಮೇಲಿನ ದೂರನ್ನೂ 2022 ರಿಂದ ಅಲ್ಲಿ ತೆಗೆದುಕೊಳ್ಳುತ್ತಾರೆ.

ಕುಂದಾಪುರದವ

ಮಗ್ಗದ ಮನೆಯವರಿಗೆ ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಬ್ಯಾಂಕಿನವರೇ 27,000 ಸಾಕು ಅಂತ ಬರೆದುಕೊಟ್ಟ ಮೇಲೆ ಮತ್ತೆ 11,000 ಯಾಕೆ ಕಟ್ಟಿದಿರಿ? ಆ ದುಡ್ಡು ಮಗಳ ಫೀಸಿಗೆ ಆಗುತ್ತಿತ್ತು. ನನಗೂ ಒಂದು ಸೆಟಲ್ಮೆಂಟ್ ಇದೆ, 1.6 ಲಕ್ಷ ಬಿಟ್ಟಿದ್ದಾರೆ. ಒಂದು ಪದ ಬದಲಾಯಿಸಲು ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಏಳು ವರ್ಷ ಕಳೆದರೆ ತಾನೇ ಹೋಗುತ್ತದೆ ಅಲ್ವಾ?

ನಿವೃತ್ತ ಬ್ಯಾಂಕಿನವ, ಬೆಂಗಳೂರು

ಏಳು ವರ್ಷದ ಮಾತು ಎಲ್ಲರೂ ಹೇಳುತ್ತಾರೆ. ನಿಯಮ ಹೇಳುವುದು ಕನಿಷ್ಠ 7 ವರ್ಷ ಮಾಹಿತಿ ಇಟ್ಟುಕೊಳ್ಳಬೇಕು ಅಂತ. 7 ವರ್ಷಕ್ಕೆ ಅಳಿಸಬೇಕು ಅಂತಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಮಗ್ಗದ ಮನೆ, ದೊಡ್ಡಬಳ್ಳಾಪುರ

ಕುಂದಾಪುರದವರೇ, ನೀವು ಕೇಳಿದ್ದು ಸರಿಯಾಗಿದೆ. ನಾನೂ ಹೆಂಡತಿಯೂ ಇದೇ ವಿಷಯಕ್ಕೆ ಒಂದು ವಾರ ವಾದ ಮಾಡಿದೆವು. 11,000 ಕಟ್ಟಿದ್ದು ಅದು ಕೈಗೆ ಎಟುಕುವ ಮೊತ್ತ ಅಂತ. ಪರ್ಸನಲ್ ಲೋನಿನ 90,000, ಮೊದಲ ಕಾರ್ಡಿನ 51,000 ಕಟ್ಟಿಲ್ಲ. ಕಟ್ಟಲು ಆಗುತ್ತಿರಲಿಲ್ಲ. ಆ ಎರಡು ಇದ್ದೂ ಸ್ಕೋರ್ 748 ಬಂತು. ಅಂದರೆ ಹಳೆಯದನ್ನು ಅಳಿಸುವುದಕ್ಕಿಂತ ಅದರ ಮೇಲೆ ಹೊಸದನ್ನು ಬರೆಯುವುದು ಮುಖ್ಯ ಅಂತ ನನ್ನ ಅನುಭವ.

ಆದರೆ ಒಂದು ಇದೆ. ಸ್ಕೋರ್ ಒಳ್ಳೆಯದಾದರೂ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಪೂರ್ತಿ ರಿಪೋರ್ಟ್ ಓದುತ್ತಾರೆ. ಹೋದ ತಿಂಗಳು ನಾನು ವಿಚಾರಿಸಿದಾಗ ಅವರು ಮೊದಲು ಬೆರಳಿಟ್ಟದ್ದು "ಸೆಟಲ್ಡ್" ಅನ್ನುವ ಪದದ ಮೇಲೆ. ನಿಮಗೆ ಮುಂದೆ ಮನೆ ಸಾಲ ಬೇಕಾ? ಹಾಗಿದ್ದರೆ ಉಳಿಕೆಯನ್ನು ಎರಡು ಮೂರು ಕಂತಿನಲ್ಲಿ ಕಟ್ಟುತ್ತೇನೆ ಅಂತ ಬ್ಯಾಂಕಿಗೆ ಬರೆದು ನೋಡಿ. ಒಪ್ಪಿದರೆ ಮೊದಲು ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಇಷ್ಟು ಕಟ್ಟಿದರೆ ಬಾಕಿ ಸೊನ್ನೆ, "ಕ್ಲೋಸ್ಡ್" ಅಂತ ಬ್ಯೂರೋಗೆ ತಿಳಿಸುತ್ತೇವೆ ಅಂತ. ಆ ಪತ್ರ ಇಲ್ಲದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮನೆ ಸಾಲ ಬೇಡ ಅಂದರೆ ಮಕ್ಕಳ ಫೀಸೇ ಮೊದಲು. ಇದರಲ್ಲಿ ನಾನು ನಿಮ್ಮ ಪರ.

ಹಾವೇರಿ ಟೀಚರ್

ನಾನು ಸಾಲವನ್ನೇ ಮಾಡಿಲ್ಲ. ಆದರೂ ನನ್ನ ಸ್ಕೋರ್ 590! ಸಂಬಳ ಬರುತ್ತದೆ, ಒಂದು ಬಿಲ್ಲೂ ತಪ್ಪಿಸಿಲ್ಲ. ಅಣ್ಣನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ ಅಷ್ಟೆ. ಅವನು ಎರಡು ವರ್ಷದಿಂದ ಕಟ್ಟಿಲ್ಲ. ಮಳೆ ಕೈಕೊಟ್ಟಿತು, ಅವನನ್ನು ಬೈಯಲೂ ಮನಸ್ಸು ಬರುವುದಿಲ್ಲ. ಇದು ನನಗೆ ಹೇಗೆ ಬಂತು?

ನಿವೃತ್ತ ಬ್ಯಾಂಕಿನವ, ಬೆಂಗಳೂರು

ಮೇಡಂ, ಜಾಮೀನು ಅಂದರೆ ಅವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅಂತ ಬರೆದುಕೊಟ್ಟ ಹಾಗೆ. ಆ ಸಾಲ ನಿಮ್ಮ ರಿಪೋರ್ಟಿನಲ್ಲೂ "ಗ್ಯಾರಂಟರ್" ಅಂತ ಕೂರುತ್ತದೆ. ಸಹಿ ಹಾಕಿಸುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾನೂ ಎಷ್ಟೋ ಸಲ ಹೇಳಿಲ್ಲ, ಅದಕ್ಕೆ ಈಗ ಬೇಸರ ಇದೆ.

ಅಣ್ಣನ ಜೊತೆ ಬ್ಯಾಂಕಿಗೆ ನೀವೂ ಹೋಗಿ. ಓಟಿಎಸ್ (ಒಂದೇ ಸಲ ಕಟ್ಟಿ ಸಾಲ ಮುಗಿಸುವ ರಾಜಿ) ಇದೆಯಾ, ಕಂತು ಮರುಹೊಂದಿಸುತ್ತಾರಾ ಅಂತ ಕೇಳಿ. ಬ್ಯಾಂಕ್ ಕೇಸ್ ಹಾಕಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು. ಆ ಸಾಲ ಮುಗಿಯುವವರೆಗೆ ನಿಮ್ಮ ಸ್ಕೋರ್ ಏರುವುದು ಕಷ್ಟ. ಅಣ್ಣನ ಮನಸ್ಸು ನೋಯದ ಹಾಗೆ ಇದನ್ನು ಹೇಳುವುದು ನಿಮಗೆ ಬಿಟ್ಟದ್ದು.

ಮೈಸೂರಿನ ಗೃಹಿಣಿ

ನಮ್ಮನೆಯವರ ಸಾಲ ನನ್ನ ಸ್ಕೋರಿಗೂ ಬರುತ್ತಾ? ಅವರು ಫೋನ್ ಬಂದರೆ ಮಹಡಿಗೆ ಹೋಗುತ್ತಾರೆ. ಎಷ್ಟು ಸಾಲ ಅಂತ ನನಗೆ ಇನ್ನೂ ಗೊತ್ತಿಲ್ಲ. ರಾತ್ರಿ ಒಂಬತ್ತೂವರೆಗೂ ಫೋನ್ ಬರುತ್ತೆ. ಬೈಗುಳ ಕೇಳಿಸುತ್ತೆ.

ಮಗ್ಗದ ಮನೆ, ದೊಡ್ಡಬಳ್ಳಾಪುರ

ಅಕ್ಕ, ಗಂಡ ಹೆಂಡತಿ ಸ್ಕೋರ್ ಬೇರೆ ಬೇರೆ. ನೀವು ಜೊತೆಗೆ ಸಹಿ ಹಾಕಿದ ಸಾಲ, ಜಾಮೀನು ನಿಂತ ಸಾಲ ಮಾತ್ರ ನಿಮಗೆ ಬರುತ್ತದೆ. ನಿಮ್ಮ ಹೆಸರಿನ ರಿಪೋರ್ಟ್ ಒಮ್ಮೆ ತೆಗೆದು ನೋಡಿ.

ಬೆಳಿಗ್ಗೆ 8 ಕ್ಕೆ ಮೊದಲು, ಸಂಜೆ 7 ರ ನಂತರ ವಸೂಲಿಯವರು ಫೋನ್ ಮಾಡುವ ಹಾಗಿಲ್ಲ, ಇದು ಆರ್‌ಬಿಐ ನಿಯಮ. ಬೈಯುವ ಹಾಗೂ ಇಲ್ಲ. ಕರೆ ಬಂದ ಸಮಯ, ನಂಬರ್ ಬರೆದಿಡಿ, ಸಾಧ್ಯವಾದರೆ ರೆಕಾರ್ಡ್ ಮಾಡಿ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ, ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ.

ಇನ್ನೊಂದು ಮಾತು ಹೇಳಲಾ? ನಾನೂ ಮಹಡಿಗೆ ಹೋಗಿ ಮಾತಾಡುತ್ತಿದ್ದೆ. ಒಂದು ದಿನ ಹೆಂಡತಿ ಮೇಲೆ ಬಂದು, ಪಕ್ಕದಲ್ಲಿ ಕೂತು, "ಪುಸ್ತಕ ತೊಗೊಂಡು ಬನ್ನಿ, ಇಬ್ಬರೂ ಕೂತು ಬರೆಯೋಣ" ಅಂದಳು. ಬೈಯಲಿಲ್ಲ. ಅವತ್ತು ಬರೆದ ಲೆಕ್ಕದ ಪುಸ್ತಕ ಇನ್ನೂ ನಮ್ಮನೆಯಲ್ಲಿದೆ. ಸಾಧ್ಯ ಆದರೆ ನೀವೂ ಹಾಗೆ ಕೇಳಿ ನೋಡಿ.

ಓಹಾಯೋ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ನಾನು 2021 ರಲ್ಲಿ ಚಾಪ್ಟರ್ 7 ಅನ್ನುವ ದಿವಾಳಿ ಅರ್ಜಿ ಹಾಕಿದೆ. ಕೆಲಸ ಹೋಯಿತು, ಹಿಂದೆಯೇ ಆಸ್ಪತ್ರೆ ಬಿಲ್. ಊರಲ್ಲಿ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಇಲ್ಲಿ ದಿವಾಳಿ ಅರ್ಜಿ ಅಂದರೆ ಕೋರ್ಟಿನ ಒಂದು ಕ್ರಮ. ಹಾಕುವ ಮೊದಲು ಸಾಲದ ಬಗ್ಗೆ ಕೌನ್ಸೆಲಿಂಗ್ ಕಡ್ಡಾಯ, ಹಾಕಿದ ಮೇಲೆ ಹಣ ನಿರ್ವಹಣೆಯ ಇನ್ನೊಂದು ಪಾಠ. ನನ್ನದು ನಾಲ್ಕು ತಿಂಗಳಲ್ಲಿ ಮುಗಿಯಿತು. ಕಾರ್ಡು, ಆಸ್ಪತ್ರೆ ಬಾಕಿ ಹೋಯಿತು. ಓದಿಗೆ ತೆಗೆದ ಸಾಲ ಸಾಮಾನ್ಯವಾಗಿ ಹೋಗುವುದಿಲ್ಲ, ನನ್ನದೂ ಉಳಿಯಿತು. ಅರ್ಜಿ ಹಾಕಿದ ದಿನದಿಂದ 10 ವರ್ಷ ರಿಪೋರ್ಟಿನಲ್ಲಿ ಇರಬಹುದು. ಕಂತಿನಲ್ಲಿ ತೀರಿಸುವ ಚಾಪ್ಟರ್ 13 ಆದರೆ ಸಾಮಾನ್ಯವಾಗಿ 7 ವರ್ಷ.

ಮೇಲೇರುವ ದಾರಿ ಮಾತ್ರ ಮಗ್ಗದ ಮನೆಯವರದೇ. 300 ಡಾಲರ್ ಠೇವಣಿ ಇಟ್ಟು ಕಾರ್ಡ್ ತೆಗೆದೆ, ದಿನಸಿ ಮಾತ್ರ, ಪ್ರತಿ ತಿಂಗಳು ಪೂರ್ತಿ ಕಟ್ಟಿದೆ. ಇಲ್ಲೂ ಮೊದಲು ಹಿಡಿಯಬೇಕಾದದ್ದು ರಿಪೋರ್ಟಿನ ತಪ್ಪುಗಳನ್ನು. ಕೋರ್ಟ್ ತೀರಿಸಿದ ಸಾಲದ ಮುಂದೆ ಬಾಕಿ ಸೊನ್ನೆ ಇರಬೇಕು. ನನ್ನದರಲ್ಲಿ ಎರಡು ಕಡೆ ಬಾಕಿ ತೋರಿಸುತ್ತಿತ್ತು, ಕೋರ್ಟ್ ಆದೇಶ ಕಳಿಸಿ ಸರಿಮಾಡಿಸಿದೆ. ಡಿಸ್ಚಾರ್ಜ್ (ಸಾಲ ತೀರಿತು ಅನ್ನುವ ಕೋರ್ಟ್ ಆದೇಶ) ಆಗಿ 2 ವರ್ಷ ಕಳೆದರೆ ಸರ್ಕಾರದ ಎಫ್‌ಎಚ್‌ಎ ಭರವಸೆಯ ಮನೆ ಸಾಲಕ್ಕೆ ಕೇಳಬಹುದು. ನಾನು ಇನ್ನೂ ಕೇಳಿಲ್ಲ, ಬಾಡಿಗೆ ಮನೆಯಲ್ಲೇ ಇದ್ದೇನೆ.

ಬೆಣ್ಣೆನಗರಿ, ದಾವಣಗೆರೆ

ಹಾಗಾದರೆ ನಮ್ಮಲ್ಲೂ ಕೋರ್ಟಿಗೆ ಹೋಗಿ ಪಾಪರ್ ಅಂತ ಅರ್ಜಿ ಹಾಕಿದರೆ ಎಲ್ಲ ಸಾಲ ಹೋಗುತ್ತಾ?

ಧಾರವಾಡದ ವಕೀಲ

ಅಷ್ಟು ಸುಲಭ ಇಲ್ಲ. 2016 ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ. ಆದರೆ 2019 ರ ಡಿಸೆಂಬರ್ 1 ರಿಂದ ಅದನ್ನು ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹೋಟೆಲ್, ಮಗ್ಗ, ಅಂಗಡಿ ನಡೆಸುವ ಸಾಮಾನ್ಯ ಜನರಿಗೆ ಅದು ಇನ್ನೂ ಬಂದಿಲ್ಲ. ಬ್ರಿಟಿಷರ ಕಾಲದ ಹಳೆಯ ಕಾನೂನಿನಲ್ಲಿ ಅರ್ಜಿ ಹಾಕುವವರು ಬಹಳ ಕಡಿಮೆ. ಹಾಗಾಗಿ ನಮ್ಮಲ್ಲಿ ಸಾಲ ಮುಳುಗಿದವರಿಗೆ ಉಳಿಯುವುದು ಬ್ಯಾಂಕಿನ ಜೊತೆ ಮಾತುಕತೆ, ಓಟಿಎಸ್, ಲೋಕ ಅದಾಲತ್. ಇದು ಬದಲಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ದೊಡ್ಡ ಕಂಪನಿಗೆ ಇರುವ ಹೊಸ ಶುರು ಸಣ್ಣ ಮನುಷ್ಯನಿಗೆ ಯಾಕೆ ಇಲ್ಲ?

ನಿವೃತ್ತ ಬ್ಯಾಂಕಿನವ, ಬೆಂಗಳೂರು

ವಕೀಲರ ಮಾತು ಒಪ್ಪುತ್ತೇನೆ. ಸೆಟಲ್ ಆದವರಿಗೆ ಎರಡು ಎಚ್ಚರಿಕೆ. 2023 ರ ಜೂನ್‌ನಲ್ಲಿ ಆರ್‌ಬಿಐ ರಾಜಿ ಸೆಟಲ್ಮೆಂಟಿಗೆ ನಿಯಮ ಮಾಡಿತು. ಅದರ ಪ್ರಕಾರ ಕೃಷಿ ಸಾಲ ಬಿಟ್ಟು ಉಳಿದವಕ್ಕೆ, ಸೆಟಲ್ ಮಾಡಿದ ಬ್ಯಾಂಕ್ ಕನಿಷ್ಠ 12 ತಿಂಗಳು ನಿಮಗೆ ಹೊಸ ಸಾಲ ಕೊಡುವ ಹಾಗಿಲ್ಲ. ಸುಮ್ನೆ ಅರ್ಜಿ ಹಾಕಿ ಎನ್‌ಕ್ವೈರಿ ಹೆಚ್ಚಿಸಿಕೊಳ್ಳಬೇಡಿ.

ಎರಡನೆಯದು, ಎಫ್‌ಡಿ ಕಾರ್ಡ್ ಆಗಲಿ ಚಿನ್ನದ ಸಾಲ ಆಗಲಿ, ಅಡವು ಇದೆಯಲ್ಲ ಅಂತ ಉದಾಸೀನ ಬೇಡ. ಕಟ್ಟದಿದ್ದರೆ ಬ್ಯಾಂಕ್ ಎಫ್‌ಡಿ ಮುರಿದುಕೊಳ್ಳುತ್ತದೆ, ತಡವಾದದ್ದೂ ರಿಪೋರ್ಟಿಗೆ ಹೋಗುತ್ತದೆ. 2025 ರಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಒಳ್ಳೆಯದೂ ಬೇಗ ಕಾಣುತ್ತದೆ, ಕೆಟ್ಟದ್ದೂ ಬೇಗ ಕಾಣುತ್ತದೆ. ಬೀದಿಯ ಚೀಟಿ, ಕೈಸಾಲ ಎಷ್ಟೇ ನಿಯತ್ತಾಗಿ ಕಟ್ಟಿದರೂ ಅಲ್ಲಿ ಕಾಣುವುದಿಲ್ಲ.

ಬೆಣ್ಣೆನಗರಿ, ದಾವಣಗೆರೆ

ನಾಲ್ಕು ದಿನ ಆಯಿತು, ಬಂದು ಹೇಳಲೇಬೇಕು ಅನ್ನಿಸಿತು. ಪಾಸ್‌ವರ್ಡ್ ಬದಲಾಯಿಸಿದೆ, ಏಜೆಂಟಿಗೆ ಬೇಡ ಅಂದೆ. 5,000 ವಾಪಸ್ ಕೊಡ್ತಾನೋ ಇಲ್ಲವೋ ನೋಡಬೇಕು.

ನಿನ್ನೆ ರಾತ್ರಿ ಹೆಂಡತಿ ಜೊತೆ ಕೂತು ರಿಪೋರ್ಟ್ ತೆಗೆದೆ. 548. ಇನ್ನೂ ಕಡಿಮೆ ಇರುತ್ತೆ ಅಂದುಕೊಂಡಿದ್ದೆ. ಎರಡು "ಸೆಟಲ್ಡ್" ಸರಿಯಾಗಿವೆ. ಮೂರನೆಯದು ನಾನು ಮಾರ್ಚ್‌ನಲ್ಲಿ ಕಟ್ಟಿ ಮುಗಿಸಿದ್ದರೂ ಬಾಕಿ 62,000 ಅಂತ ತೋರಿಸುತ್ತಿದೆ. ನನ್ನ ಹಳೆಯ ಮೊಬೈಲ್ ನಂಬರೇ ಇದೆ, ಅದಕ್ಕೇ ನನಗೆ ಒಂದು ಮೆಸೇಜೂ ಬಂದಿಲ್ಲ. ರಸೀದಿ ಹೋಟೆಲ್ ಸಾಮಾನಿನ ಜೊತೆ ಗೋಣಿಚೀಲದಲ್ಲಿತ್ತು, ಎಣ್ಣೆ ಕಲೆ ಆಗಿದೆ, ಆದರೆ ಸೀಲು, ದಿನಾಂಕ ಓದಲು ಬರುತ್ತೆ. ಸೆಟಲ್ಮೆಂಟ್ ಪತ್ರ ಮಾತ್ರ ಸಿಗುತ್ತಿಲ್ಲ. ನಾಳೆ ಹತ್ತು ಗಂಟೆಗೆ ಬ್ಯಾಂಕಿಗೆ ಹೋಗಿ ಅದರ ನಕಲು ಕೇಳುತ್ತೇನೆ. ಕೊಡಲ್ಲ ಅಂದರೆ ಏನು ಬರೆಯಬೇಕು ಅಂತ ಅಣ್ಣ ಇವತ್ತು ಸಂಜೆಯೊಳಗೆ ಹೇಳ್ತೀರಾ?

ಮಗ್ಗದ ಮನೆ, ದೊಡ್ಡಬಳ್ಳಾಪುರ

ಹೇಳ್ತೀನಿ ತಮ್ಮ. ಸಾಲದ ಖಾತೆ ನಂಬರ್, ಕಟ್ಟಿದ ದಿನಾಂಕ, ಮೊತ್ತ, ರಸೀದಿ ನಂಬರ್ ಬರೆಯಿರಿ. "ಸೆಟಲ್ಮೆಂಟ್ ಪತ್ರದ ನಕಲು ಮತ್ತು ಬಾಕಿ ಇಲ್ಲದ ಪತ್ರ ಕೊಡಿ, ಬ್ಯೂರೋದಲ್ಲಿ ಬಾಕಿ ಸೊನ್ನೆ ಮಾಡಿಸಿ" ಅಂತ ಕೇಳಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಎದ್ದು ಬನ್ನಿ. 30 ದಿನದ ಲೆಕ್ಕಕ್ಕೆ ಆ ದಿನಾಂಕ ಬೇಕು. ರಸೀದಿಯ ಮೂಲ ಕೊಡಬೇಡಿ, ಜೆರಾಕ್ಸ್ ಸಾಕು. ಹಾಗೇ ಹೊಸ ಮೊಬೈಲ್ ನಂಬರನ್ನೂ ನಾಳೆಯೇ ಕೊಟ್ಟು ಬನ್ನಿ.